ಹಿಮ್ಮಡಿ ಬ್ರೇಕು

ನಮ್ಮೆಜಮಾನ್ರ ಬಲಗಾಲಿನ ಹಿಮ್ಮಡೀಲಿ ಒಂದು ಗುಂಡುಸೂಜಿ ಇಡೀ ದಿವಸ ಚುಚ್ಕೊಂಡಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ನಾನು ಟೈಲರು. ಹೊಳೆನರಸೀಪುರದಲ್ಲಿ ಮನೆ ಮುಂದಿನ ರೂಮಲ್ಲೇ ಮಿಷನ್ ಹಾಕ್ಕೊಂಡು ಬ್ಲೌಸ್ ಹೊಲೀತೀನಿ. ಸೂಜಿಗಳು ಅಲ್ಲಿ ಇಲ್ಲಿ ಬಿದ್ದಿರ್ತವೆ. ನನ್ನ ಕಾಲಿಗೂ ಎಷ್ಟೋ ಸಲ ಚುಚ್ಚಿದಾವೆ, ಚುಚ್ಚಿದ್ರೆ 'ಅಯ್ಯಮ್ಮಾ' ಅಂತೀನಿ, ಕಿತ್ತು ಡಬ್ಬಿಗೆ ಹಾಕ್ತೀನಿ. ಇವರು ಆ ಸೂಜಿ ಇಟ್ಕೊಂಡೇ ಸ್ಕೂಲಿಗೆ ಹೋಗಿ, ಪಾಠ ಮಾಡಿ, ಬರ್ತಾ ತರಕಾರಿನೂ ತಂದು, ದಿವಾನದ ಮೇಲೆ ಕಾಲು ಚಾಚಿದ್ರು. ನೋಡಿದ್ರೆ ಹಿಮ್ಮಡೀಲಿ ಏನೋ ಮಿಣುಕ್ತಾ ಅದೆ. "ರೀ, ಕಾಲು ನೋಯ್ತಿಲ್ವಾ?" ಅಂದೆ. "ಯಾವ ಕಾಲು?" ಅಂದ್ರು.

ಸಕ್ಕರೆ ಕಾಯಿಲೆ ಮೊದಲಿಂದಲೂ ಇತ್ತು. ಡಾಕ್ಟ್ರು ಪಾದದ ಮೇಲೆಲ್ಲಾ ಒಂದು ಕಡ್ಡಿ ಆಡಿಸಿ ನೋಡಿ, "ನರಗಳಿಗೆ ಜೀವ ಇಲ್ಲ ಕಣಮ್ಮಾ. ಗಾಯ ಆದ್ರೆ ಇವರಿಗೆ ಗೊತ್ತಾಗಲ್ಲ. ನೀವೇ ನೋಡ್ಕೊಬೇಕು" ಅಂದ್ರು. ಆವತ್ತಿಂದ ಆ ಎರಡು ಪಾದ ಅವರದಾಗಿ ಉಳೀಲಿಲ್ಲ, ನನ್ನದಾದ್ವು. ಸ್ಕೂಲಿಂದ ಬಂದ ಕೂಡ್ಲೇ ಜಗಲಿ ಮೇಲೆ ಕೂರಿಸಿ, ತೊಳೆದು, ನನ್ನ ತೊಡೆ ಮೇಲೆ ಇಟ್ಕೊಂಡು ಬೆರಳ ಸಂದಿ, ಉಗುರು, ಅಂಗಾಲು ಎಲ್ಲಾ ನೋಡ್ತಿದ್ದೆ. ಎದುರುಮನೆ ಬಸವಲಿಂಗಮ್ಮ ಗೇಟಲ್ಲಿ ನಿಂತು, "ಏನ್ ನಾಗಲಕ್ಷ್ಮಿ, ಮೇಷ್ಟ್ರಿಗೆ ದಿನಾ ಪಾದಪೂಜೆನಾ?" ಅಂತ ರೇಗ್ಸೋಳು. ನಮ್ಮನೇಲಿ ಪೂಜೆ ಗೀಜೆ ಏನಿಲ್ಲ, ಗೋಡೆ ಮೇಲೆ ಬುದ್ಧ, ಬಾಬಾಸಾಹೇಬ್ರು ಇಬ್ರೇ. "ಪೂಜೆ ಅಲ್ಲ ಕಣಮ್ಮಾ, ಚೆಕಿಂಗು. ಬಸ್ಸಲ್ಲಿ ಟಿಕೇಟ್ ಚೆಕ್ ಮಾಡಲ್ವಾ, ಅಂಗೆ" ಅಂತಿದ್ದೆ. ಇವರು ಪೇಪರ್ ಓದ್ತಾ ನಗೋರು.

ಹೆಸರು ಮನೋಹರ. ಹಳ್ಳಿ ಸ್ಕೂಲಲ್ಲಿ ಮೇಷ್ಟ್ರು. ಸೌಮ್ಯ ಸ್ವಭಾವದ ಮನುಷ್ಯ, ಒಂದು ನೊಣಕ್ಕೂ 'ಸ್ವಲ್ಪ ಸರಕೊಳಪ್ಪಾ' ಅನ್ನೋ ಪೈಕಿ. ಮನೇಲಿ ಜೋರು ಅಂದ್ರೆ ನಾನು. ಕೂಗಾಡೋದೂ ನಾನೇ, ಕೂಗಾಡಿ ಸುಸ್ತಾಗಿ ಕಾಫಿ ಕುಡಿಯೋದೂ ನಾನೇ.

ಹಿಂಗಿರುವಾಗ ಹೋದ ವರ್ಷ ಇವರ ಮೊಬೈಲಿಗೆ ಒಂದು ಗ್ರೂಪು ಬಂತು. 'ಬೇರಿಂಗ್ ಬಾಯ್ಸ್' ಅಂತ ಹೆಸರು. ಮಾಡಿದ್ದು ದಿಲೀಪ. ಇವರ ಊರು ಬಿದರೆಕೊಪ್ಪಲಲ್ಲಿ ದೊಡ್ಡ ಗೌಡರ ಮನೆ ಹುಡುಗ, ಇವರ ಜೊತೇಲಿ ಓದಿದೋನು, ಈಗ ಹಾಸನದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವ್ನೆ. ಗ್ರೂಪಲ್ಲಿ ಇದ್ದೋರೆಲ್ಲಾ ಹೊಟ್ಟೆ ಬಂದ, ತಲೆ ನರೆತ ಬಾಯ್ಸೇ. ಬೆಳಗ್ಗೆ ಎದ್ದು ಮೊಬೈಲ್ ತೆಗೆದ್ರೆ ಯಾರದೋ ಮಂಡಿ ಫೋಟೋ! 'ಇದು ನೀರಿನ ಚಾನಲ್ ಏರಿ ಮೇಲೆ ಬಿದ್ದಾಗ ಆಗಿದ್ದ ಗಾಯ, ಗ್ಯಾಪಕ ಅದಾ?' ಅಂತ ಒಬ್ಬ. ಇನ್ನೊಬ್ಬ ಗಲ್ಲ ತೋರಿಸ್ತಾನೆ. ಮತ್ತೊಬ್ಬ, ಅರ್ಧ ಇಲ್ಲದ ಕಿರುಬೆರಳು. 'ಈಗಿನ ಮಕ್ಕಳಿಗೆ ಏನ್ ಗೊತ್ತು ಲಾ, ಮೊಬೈಲ್ ಇಡ್ಕಂಡು ಸಾಯ್ತವೆ. ನಾವು ಬಿದ್ದು ಎದ್ದು ಬೆಳೆದೋರು ಕಣ್ಲಾ' ಅಂತ ಎಲ್ಲರೂ ಮೊಬೈಲ್ ಹಿಡ್ಕೊಂಡೇ ಬರೆಯೋರು. ಅರವತ್ತಕ್ಕೆ ಅರಳು ಮರಳು ಅಂತಾರೆ, ಇವರಿಗೆ ಐವತ್ತಕ್ಕೇ ಬಂದಿತ್ತು.

ಬೇರಿಂಗ್ ಗಾಡಿ ಗೊತ್ತಲ್ಲ ನಿಮಗೆ. ಒಂದು ಹಲಗೆ, ಹಿಂದೆ ಎರಡು ಮುಂದೆ ಒಂದು ಕಬ್ಬಿಣದ ಬೇರಿಂಗು. ಲಾರಿಯೋರು ಸವೆದೋಯ್ತು ಅಂತ ಬಿಸಾಕಿದ್ದು. ಮುಂದಿನ ಅಡ್ಡಪಟ್ಟಿ ಮೇಲೆ ಒಂದು ಕಾಲಿಟ್ಟು ತಿರುಗಿಸ್ಕೊಂಡು ಇಳಿಜಾರಲ್ಲಿ ಬಿಡೋದು. ಆ ಸದ್ದಿಗೆ ನಾಯಿಗಳೆಲ್ಲಾ ಅಟ್ಟಿಸ್ಕೊಂಡು ಬರೋವು. ಬ್ರೇಕು ಅನ್ನೋದು ಇಲ್ಲ. ಬರಿಗಾಲಿನ ಹಿಮ್ಮಡೀನ ನೆಲಕ್ಕೆ ಒತ್ತಿ ಹಿಡೀಬೇಕು, ಅದೇ ಬ್ರೇಕು. ಇವರೂರಲ್ಲಿ ಚಪ್ಪಲಿ ಹಾಕ್ಕೊಂಡು ಬ್ರೇಕ್ ಹಾಕಿದೋನ್ನ 'ಅತ್ತೆಮ್ಮ, ಅತ್ತೆಮ್ಮ' ಅಂತ, ಇವನು ಹೆಂಗಸು ಅನ್ನೋ ಲೆಕ್ಕದಲ್ಲಿ, ವರ್ಷಗಟ್ಟಲೆ ಕೂಗೋರಂತೆ.

ಗಾಡಿ ಮಾಡ್ತಿದ್ದೋರು ನಮ್ಮೆಜಮಾನ್ರೇ. ಇವರ ಚಿಕ್ಕಪ್ಪ ಶಿವಯ್ಯ ಚನ್ನರಾಯಪಟ್ಟಣದ ಲಾರಿ ಗ್ಯಾರೇಜಲ್ಲಿ ಕೆಲಸಕ್ಕಿದ್ದರು. ಹಬ್ಬಕ್ಕೆ ಬರುವಾಗ ಜೇಬಲ್ಲಿ ಬೇರಿಂಗ್ ತರೋರು. ಇವರು ಅದನ್ನ ಸೀಮೆಎಣ್ಣೇಲಿ ನೆನೆಹಾಕಿ, ಹರಳೆಣ್ಣೆ ಬಿಟ್ಟು, ಕಿವಿ ಹತ್ರ ತಿರುಗಿಸಿ ಸದ್ದು ಕೇಳಿ ಗಾಡಿ ಕಟ್ಟೋರಂತೆ. ಇದನ್ನ ಹೇಳುವಾಗ ಇವರ ಕಣ್ಣು ನೋಡಬೇಕಿತ್ತು. ಮದುವೆ ಆದಾಗಿಂದ ನಾನು ಕಾಣದ ಮನುಷ್ಯ ಒಬ್ಬ ಒಳಗಿಂದ ಬರೋನು. "ನಾವು ಇಳೀತಿದ್ರೆ ಊರೇ ನಿಂತ್ಕಂಡು ನೋಡೋದು ಕಣೇ. ನಾವು ಹಾರ್ಕಂಡೇ ಓಗ್ತಿದ್ವಿ" ಅನ್ನೋರು. ನಾನು ಕೊಕ್ಕೆ ಗುಂಡಿ ಹಾಕ್ತಾ ಹೂಂಗುಟ್ಟೋಳು.

ಒಂದಿನ ಸುಮ್ನೆ ಕೇಳ್ದೆ, "ರೀ, ಅಷ್ಟು ಜೋರಾಗಿ ಇಳೀವಾಗ ಭಯ ಆಗ್ತಿರಲಿಲ್ವಾ ನಿಮಗೆ?"

ಇವರು ಟೀ ಲೋಟ ಕೆಳಗಿಟ್ಟು, "ನಾನೆಲ್ಲಿ ಇಳೀತಿದ್ದೆ? ನಾನು ತಳ್ಳೋನಲ್ವಾ" ಅಂದ್ರು.

"ಅಂಗಂದ್ರೆ?"

"ಗಾಡಿ ದಿಲೀಪಂದು. ಅಂದ್ರೆ, ಮಾಡಿದ್ದು ನಾನು, ಹಲಗೆ ಅವರ ಮನೇದು. ಅವನೋ, ಅವನ ದಾಯಾದಿಗಳೋ ಕೂರೋರು. ಕೇರಿಯೋರು ನಾವು ತಳ್ಳೋದು. ಕೆಳಗೋದ ಮೇಲೆ ಎತ್ಕಂಡು ಬಂದು ಮತ್ತೆ ಮೇಲಕ್ಕೆ ಇಡೋದು. ಓಡೋದ್ರಲ್ಲಿ ನನ್ನಂಗೆ ಯಾರೂ ಇರಲಿಲ್ಲ ಕಣೇ."

"ಒಂದು ಸಲನೂ ಕೂತಿಲ್ವಾ?"

"ಕೂತ್ಕೋ ಅಂತ ಯಾರೂ ಅನ್ನಲಿಲ್ಲ." ಅದನ್ನ ಎಷ್ಟು ಸಾಧಾರಣವಾಗಿ ಅಂದ್ರು ಅಂದ್ರೆ, ಇವತ್ತು ಬಸ್ಸು ಲೇಟು ಅಂದಂಗೆ.

ನನಗೆ ಮೈಯೆಲ್ಲಾ ಉರಿದೋಯ್ತು. ಅಲ್ಲಾ, ಕೂರದೇ ಇದ್ದ ಗಾಡಿಗೆ ಇವರಿಗೆ ಎಂಥಾ ನೆನಪು! ಅವರು ಉಂಡ ಊಟಕ್ಕೆ ಇವರು ತೇಗೋದು! "ನಾವು ಹಾರ್ತಿದ್ವಿ, ನಾವು ಹಾರ್ತಿದ್ವಿ ಅಂತೀರಲ್ಲ, ಯಾರ್ರೀ ನಾವು?" ಅಂತ ಕತ್ತರಿ ಬಿಸಾಕಿ ಎದ್ದೋದೆ. ಇವರು ಹಿಂದೆ ಬಂದು, "ಆಗಿನ ಕಾಲ ಅಂಗಿತ್ತು ಬಿಡೇ" ಅಂದ್ರು. ಕೋಣನ ಮುಂದೆ ಕಿನ್ನರಿ ಬಾರಿಸಿದಂಗೆ ಆಯ್ತು ನನ್ನ ಕೋಪ.

ಅದಾಗಿ ಸ್ವಲ್ಪ ದಿವಸಕ್ಕೆ ದಿಲೀಪ ಗ್ರೂಪಲ್ಲಿ ಹಾಕ್ದ: ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ಎಲ್ಲರೂ ಹೆಂಡ್ರ ಸಮೇತ ಬಿದರೆಕೊಪ್ಪಲಿಗೆ ಬರೋದು, ಅದೇ ಚಾನಲ್ ಏರಿ ಇಳಿಜಾರು, ಬೇರಿಂಗ್ ಗಾಡಿ, ಆಮೇಲೆ ನಾಟಿಕೋಳಿ ಸಾರು, ಮುದ್ದೆ. 'ಗಾಡಿ ಮಾತ್ರ ನಮ್ಮ ಮನೋಹರನೇ ಕಟ್ಬೇಕು.' ಇವರು ಒಪ್ಕೊಂಡೇ ಬಿಟ್ಟಿದ್ರು. ಹಿತ್ತಲಲ್ಲಿ ಕೂತು ಮಾಡಿದ್ದೂ ಮಾಡಿದ್ದೇ. ಬೇರಿಂಗು ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ರು. ನನ್ನ ಮಿಷನ್ ಎಣ್ಣೆ ಬಾಟ್ಲಿ ಖಾಲಿ.

"ಕಟ್ಟಿ ಕೊಡಿ, ಆದ್ರೆ ನೀವು ಕೂರಕ್ಕಿಲ್ಲ. ಆ ಕಾಲಿಟ್ಕೊಂಡು ಗಾಡಿ ಅಂತೆ" ಅಂದೆ ನಾನು.

ಇವರು ಹಲಗೆಗೆ ಮರಳುಕಾಗದ ಹಾಕಿ ತಿಕ್ತಾನೇ ಇದ್ರು. ಆಮೇಲೆ ತಲೆ ಎತ್ತದೇ, "ಒಂದ್ಸಲ ಕೂರ್ಬೇಕು ಅಂತ ಆಸೆ ಕಣೇ ನಾಗೂ" ಅಂದ್ರು.

ಈ ಮನುಷ್ಯ ನನ್ನ ಹತ್ರ ಏನೂ ಕೇಳಿದೋರಲ್ಲ. ಸಾರಿಗೆ ಉಪ್ಪು ಕಮ್ಮಿ ಆಗಿದ್ರೂ ಉಣ್ಣೋರು. "ಬೂಟು, ಕಾಲುಚೀಲ ಬಿಚ್ಚಬಾರದು. ಬಿಚ್ಚಿದ್ರೆ ನೋಡಿ ಮತ್ತೆ" ಅಂದೆ. "ಬಿಚ್ಚಲ್ಲ" ಅಂದ್ರು. ಕಾಲಿನ ವಿಷಯ ಗ್ರೂಪಿನೋರಿಗೆ ಹೇಳಿದೀರಾ ಅಂದ್ರೆ, "ಅದೆಲ್ಲಾ ಯಾಕೆ" ಅಂದ್ರು. ಮೇಷ್ಟ್ರಿಗೆ ನಾಚಿಕೆ.

ಭಾನುವಾರ ಹೋದ್ವಿ. ಚಾನಲಲ್ಲಿ ನೀರಿರಲಿಲ್ಲ. ಹೊಂಗೆಮರದ ಕೆಳಗೆ ಒಲೆ ಹೂಡಿದ್ರು. ದಿಲೀಪನ ಹೆಂಡ್ತಿ ಸೌಜನ್ಯ ಬಂದು ಕೈ ಹಿಡ್ಕೊಂಡು, "ಬನ್ನಿ ಅಕ್ಕ, ಇವರ ಮಂಗಾಟ ನೋಡಣ" ಅಂತ ಕುರ್ಚಿ ಹಾಕಿಕೊಟ್ಟಳು. ಒಳ್ಳೆ ಹೆಣ್ಣು, ಅವಳ ಮೇಲೆ ನಂಗೇನೂ ಇಲ್ಲ.

ಈಗ ಒಂದು ಮಾತು ಹೇಳಬೇಕು. ಇವರು ಹುಡುಗ್ರಾಗಿದ್ದಾಗ ಆ ಏರಿ ರಸ್ತೆ ಮಣ್ಣು. ಹಿಮ್ಮಡಿ ಒತ್ತಿದ್ರೆ ಧೂಳೇಳೋದು, ಅಷ್ಟೇ. ಈಗ ಅದು ಸಿಮೆಂಟ್ ರಸ್ತೆ. ಮೇಲೆ ಟ್ರಾಕ್ಟರು ಜಾರಬಾರದು ಅಂತ ಗೀರು ಗೀರು ಎಳೆದವ್ರೆ. ಅಷ್ಟು ಜನ ಗಂಡಸ್ರು, ಒಬ್ಬ ಇಂಜಿನಿಯರ್ ಬೇರೆ ಅದ್ರಾಗೆ, ಒಬ್ಬರಿಗೂ ಅದು ತಲೆಗೆ ಹೊಳೀಲಿಲ್ಲ. ರಸ್ತೆ ಎಷ್ಟು ನುಣ್ಣಗಾಗ್ಯದೆ, ಗಾಡಿ ಎಷ್ಟು ಜೋರಾಗಿ ಓಯ್ತದೆ ಅಂತ ಖುಷಿಪಟ್ಟಿದ್ದೇ ಪಟ್ಟಿದ್ದು. ಕೆಳಗಡೆ ತಡೆಯಕ್ಕೆ ಒಂದು ಹೊರೆ ಭತ್ತದ ಹುಲ್ಲು ಹಾಕಿದ್ರು.

ಮೊದಲು ದಿಲೀಪ ಕೂತ. ಪ್ಯಾಂಟ್ ಮಡಚಿ, ಬರಿಗಾಲು. ಇಬ್ರು ತಳ್ಳಿದ್ರು. ಅರ್ಧ ದಾರಿ ಹೋಗಿ ಹಿಮ್ಮಡಿ ಊರಿದ್ದೇ ತಡ, "ಅಯ್ಯಯ್ಯಪ್ಪೋ!" ಅಂತ ಕಿರುಚಿ ಎರಡು ಕಾಲೂ ಮೇಲಕ್ಕೆತ್ತಿ ಹುಲ್ಲಿನೊಳಕ್ಕೆ ನುಗ್ಗಿದ. ಎಲ್ಲರೂ ಬಿದ್ದು ಬಿದ್ದು ನಕ್ರು. ಹುಲ್ಲು ಕೊಡವಿಕೊಂಡು ಬಂದು, "ಕಾಲು ಬೆಂದೋಯ್ತು ಕಣ್ರಲಾ" ಅಂದ. ಎರಡನೆಯೋನೂ ಅಂಗೇ. ಮೂರನೆಯೋನು ಹಿಮ್ಮಡಿ ಮುಟ್ಟಿಸಲೇ ಇಲ್ಲ, ನೆಟ್ಟಗೆ ಹುಲ್ಲಿಗೆ ಹೋದ. ಯಾರಿಗೂ ಏನೂ ಆಗಲಿಲ್ಲ. ನೋವಾದ್ರೆ ಯಾರಾದ್ರೂ ಕಾಲು ಎತ್ಕೊತಾರೆ.

ಆಮೇಲೆ ದಿಲೀಪನೇ ಕೂಗ್ದ, "ಲೇ ಮನೋಹರ, ನೀ ಕೂತ್ಕೊಳ್ಳಾ. ನಾ ತಳ್ತೀನಿ."

ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆ ತಣ್ಣಗಾಯ್ತು. ತಳ್ಳಲಿ, ಅವನೂ ಒಂದಿನ ತಳ್ಳಲಿ, ಮೇಲುಸಿರು ಬಿಡಲಿ ಅಂತ ಅನ್ನಿಸ್ತು. ಇವರು ಹೋಗಿ ಗಾಡಿ ಪಕ್ಕ ನಿಂತ್ರು. ದಿಲೀಪ ಕಾಲು ನೋಡಿ, "ಬೂಟು ಬಿಚ್ಚು ಲಾ, ಅತ್ತೆಮ್ಮ ಅನ್ನಿಸ್ಕಬ್ಯಾಡ" ಅಂದ. ಉಳಿದೋರೆಲ್ಲಾ "ಅತ್ತೆಮ್ಮ! ಅತ್ತೆಮ್ಮ!" ಅಂತ ಶುರು ಹಚ್ಚಿದ್ರು.

ಇವರು ನನ್ನ ಕಡೆ ನೋಡಿದ್ರು. ನಾನು ಬೇಡ ಅಂತ ತಲೆ ಆಡಿಸ್ದೆ. ಇವರು ಬಗ್ಗಿ ಲೇಸ್ ಬಿಚ್ಚಿದ್ರು.

"ರೀ!" ಅಂತ ಎದ್ದೆ. ಸೌಜನ್ಯ ಕೈ ಹಿಡಿದು, "ಬಿಡಿ ಅಕ್ಕ, ಒಂದಿನ ಮಕ್ಕಳಾಗ್ಲಿ" ಅಂದಳು. ನಾನು ಕೈ ಬಿಡಿಸ್ಕೊಳ್ಳೋ ಹೊತ್ತಿಗೆ ಬೇರಿಂಗ್ ಸದ್ದು ಶುರುವಾಗೋಗಿತ್ತು. ದಿಲೀಪ ಬಗ್ಗಿ ಓಡ್ತಾ ಓಡ್ತಾ ಒಂದು ನೂಕು ನೂಕಿ ನಿಂತ್ಕೊಂಡ. ಗಾಡಿ ಇವರನ್ನ ಹೊತ್ಕೊಂಡು ಹೋಯ್ತು. ಅಂಗಿ ಹಿಂದಕ್ಕೆ ಉಬ್ಬಿತ್ತು. ಎಡಗಾಲು ಅಡ್ಡಪಟ್ಟಿ ಮೇಲೆ, ಬಲಗಾಲಿನ ಹಿಮ್ಮಡಿ ನೆಲಕ್ಕೆ. ಒತ್ತಿದೋರು ಎತ್ತಲೇ ಇಲ್ಲ. ಗಾಡಿ ಒಂಚೂರೂ ಆಕಡೆ ಈಕಡೆ ಆಡದೆ, ನಿಧಾನ ಆಗ್ತಾ ಆಗ್ತಾ, ಹುಲ್ಲು ಇನ್ನೂ ದೂರ ಇರೋವಾಗಲೇ ನಿಂತ್ಕೊಂಡ್ತು.

ಶಿಳ್ಳೆ ಏನು, ಚಪ್ಪಾಳೆ ಏನು! "ಇದಪ್ಪಾ ಬ್ರೇಕು ಅಂದ್ರೆ! ಎಂಥಾ ಬ್ರೇಕ್ ಲಾ! ಗಂಡು ಅಂದ್ರೆ ನೀನೊಬ್ನೇ ಕಣ್ಲಾ!" ಅಂತ ದಿಲೀಪ ಮೇಲಿಂದ ಕುಣಿದಾಡ್ದ. ಯಾರೋ ವಿಡಿಯೋ ಮಾಡ್ತಿದ್ರು.

ಇವರು ಎದ್ದು ಎರಡೂ ಕೈ ಮೇಲೆತ್ತಿ ಏರಿ ಹತ್ಕೊಂಡು ನಮ್ಮ ಕಡೆ ಬಂದ್ರು. ಅಂಥಾ ಮುಖ ನಾನು ನೋಡಿರಲಿಲ್ಲ. ಮಗಳು ಹುಟ್ಟಿದಾಗಲೂ ನೋಡಿರಲಿಲ್ಲ. "ನಾಗೂ, ನೋಡ್ದಾ? ನೋಡ್ದಾ ನಾನು ಇಳಿದಿದ್ದು?" ಅಂತ ಅಷ್ಟು ದೂರದಿಂದಲೇ ಕೇಳ್ತಾ ಬಂದ್ರು. ಎಲ್ಲರೂ ಅವರ ಮುಖ ನೋಡ್ತಿದ್ರು. ನಾನು ಕಾಲು ನೋಡ್ದೆ. ನನಗೆ ಅದೇ ಅಭ್ಯಾಸ. ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ ಸಿಮೆಂಟಿನ ಮೇಲೆ ಕೆಂಪಗೆ ಬೀಳ್ತಿತ್ತು. ಇಳಿಜಾರಿನ ಅರ್ಧದಿಂದ ಗಾಡಿ ನಿಂತ ಜಾಗದ ತನಕ ಒಂದು ಗೆರೆ, ನಾನು ಬಟ್ಟೆ ಮೇಲೆ ಸ್ಕೇಲಿಟ್ಟು ಎಳೆದಂಗೆ ನೇರವಾಗಿತ್ತು.

ನಾನು ಎಲ್ಲಿ ನೋಡ್ತಿದೀನಿ ಅಂತ ಅವರೂ ಬಗ್ಗಿ ನೋಡಿದ್ರು. "ಯಾರ್ದು ರಕ್ತ?" ಅಂದ್ರು. ನಗು ಇನ್ನೂ ಮುಖದಲ್ಲೇ ಇತ್ತು.

ಹಿಮ್ಮಡಿ ಅನ್ನೋದು ಇರಲಿಲ್ಲ. ಬಿಳೀದು ಕಾಣ್ತಿತ್ತು. ಸೌಜನ್ಯ ಮುಖ ಮುಚ್ಕೊಂಡಳು. ನಾನು ಸೆರಗು ಹರಿದು ಕಟ್ಟಿದೆ. ದಿಲೀಪನ ಕಾರಲ್ಲೇ ಹಾಸನಕ್ಕೆ ಹೋದ್ವಿ. ದಾರಿ ಉದ್ದಕ್ಕೂ ಇವರು ಕ್ಷಮಿಸು ಅಂತಾನೂ ಅನ್ನಲಿಲ್ಲ, ನೋಯ್ತದೆ ಅಂತಾನೂ ಅನ್ನಲಿಲ್ಲ. "ಮುಂದಿನ ಚಕ್ರ ಸ್ವಲ್ಪ ಎಡಕ್ಕೆ ಎಳೀತಿತ್ತು ಲಾ, ನಿಂಗೂ ಅನ್ನಿಸ್ತಾ?" ಅಂತ ದಿಲೀಪನ್ನ ಕೇಳಿದ್ರು. ಅವನು ಸ್ಟೇರಿಂಗ್ ಹಿಡ್ಕೊಂಡು ಅಳ್ತಾ ಇದ್ದ.

ಆಮೇಲಿನದ್ದು ಏನು ಹೇಳೋದು. ಸಕ್ಕರೆ ಮೈಯಲ್ಲಿ ಗಾಯ ವಾಸಿ ಆಗಲ್ಲ ಅಂತ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಬ್ಯಾಂಡೇಜು, ಇಂಜೆಕ್ಷನ್ನು, ಮತ್ತೆ ಬ್ಯಾಂಡೇಜು. ಹಾಸನದ ಬಸ್ಸಿನ ಕಿಟಕಿ ಪಕ್ಕ ಕೂತು ಆಲೂಗಡ್ಡೆ ಹೊಲ ನೋಡ್ತಾ ಹೋಗೋದು, ನೋಡ್ತಾ ಬರೋದು. ಹಿಮ್ಮಡಿ ಕಪ್ಪಾಯ್ತು, ಕಪ್ಪು ಮೇಲೆ ಹತ್ತಿತು. ಕೊನೆಗೆ ಡಾಕ್ಟ್ರು, "ಮೊಣಕಾಲಿನ ಕೆಳಗೆ ತೆಗೀಬೇಕು. ಇಲ್ಲಾಂದ್ರೆ ಜೀವಕ್ಕೆ" ಅಂದ್ರು. ಇವರು, "ತೆಗೀರಿ ಸಾ. ಎಂಗಿದ್ರೂ ಅದು ನನಗೆ ಗೊತ್ತಾಗ್ತಿರಲಿಲ್ಲ" ಅಂದ್ರು. ಡಾಕ್ಟ್ರು ನನ್ನ ಮುಖ ನೋಡಿದ್ರು. ನನಗೆ ಅಳು ಬರಲಿಲ್ಲ. ಇಷ್ಟು ವರ್ಷ ಇವರ ಪಾದ ನನ್ನ ತೊಡೆ ಮೇಲಿಟ್ಕೊಂಡು ಕಾಪಾಡಿದ್ದಲ್ಲ, ಅದರ ಜಡ ನನಗೇ ಹತ್ತಿತ್ತೋ ಏನೋ. ರುಜು ಹಾಕು ಅಂದ್ರು, ಹಾಕ್ದೆ. ಊಟ ಮಾಡು ಅಂದ್ರು, ಮಾಡ್ದೆ. ನನ್ನ ಬಾಯಿ ಗೊತ್ತಿದ್ದೋರೆಲ್ಲಾ ನಾನು ಯಾಕೆ ಯಾರನ್ನೂ ಬೈತಿಲ್ಲ ಅಂತ ಹೆದರಿದ್ರು.

ದಿಲೀಪ ಆಸ್ಪತ್ರೆಗೆ ಬಂದ. ಕಾರಿಡಾರಲ್ಲಿ ಗೋಡೆಗೆ ಒರಗಿ, "ಅಕ್ಕಾ, ಕಾಲಲ್ಲಿ ಸ್ಪರ್ಶ ಇಲ್ಲ ಅಂತ ಒಂದು ಮಾತು ಹೇಳ್ಬಾರ್ದಿತ್ತಾ ಅವನು? ನಾನು ಕೂರುಸ್ತಿದ್ನಾ?" ಅಂದ.

"ಆಗ ಸ್ಪರ್ಶ ಇತ್ತಲ್ಲ ದಿಲೀಪಣ್ಣ, ಎರಡು ಕಾಲೂ ಗಟ್ಟಿ ಇದ್ವಲ್ಲ. ಆಗ ಯಾಕೆ ಕೂರಿಸಲಿಲ್ಲ?" ಅಂದೆ. ಕೂಗಲಿಲ್ಲ, ಮೆಲ್ಲಗೇ ಅಂದೆ.

"ಅವನು ಕೇಳ್ಲಿಲ್ಲವಲ್ಲಕ್ಕ" ಅಂದ. ನಾಟಕ ಆಡ್ತಿರಲಿಲ್ಲ, ಅವನಿಗೆ ನಿಜವಾಗ್ಲೂ ಅಷ್ಟೇ ಗೊತ್ತಿದ್ದಿದ್ದು. ಅವನ ಮೇಲೆ ಕೋಪ ಮಾಡ್ಕೊಳ್ಳೋಕೆ ನೋಡ್ದೆ, ಅದೂ ಬರಲಿಲ್ಲ.

ಕಾಲು ತೆಗೆದ್ರು. ಮನೆಗೆ ಬಂದ್ವಿ. ಗ್ರೂಪಲ್ಲಿ ಕೈ ಮುಗಿಯೋ ಗುರುತುಗಳು ಬಂದು ಬಂದು ನಿಂತೋದ್ವು. ಸಂಜೆ ಹೊತ್ತು ನನ್ನ ಕೈಗೆ ಕೆಲಸ ಕಮ್ಮಿ ಆಯ್ತು, ಒಂದೇ ಪಾದ ತೊಳೆಯೋದು. ಬಸವಲಿಂಗಮ್ಮ ಈಗ ಗೇಟಲ್ಲಿ ನಿಲ್ಲಲ್ಲ. ಇವರು ಪೇಪರ್ ಓದ್ತಾರೆ, ನಾನು ಬ್ಲೌಸ್ ಹೊಲೀತೀನಿ. ಏನಾಯ್ತು ಅಂತ ನಾವಿಬ್ಬರೂ ಮಾತಾಡಿದ್ದೇ ಇಲ್ಲ. ಮಾತಾಡಕ್ಕೆ ಏನೋ ಅನ್ನಿಸ್ಬೇಕಲ್ಲ ಮೊದಲು.

ಮೊನ್ನೆ ಮಧ್ಯಾಹ್ನ ಉಂಡಾದ ಮೇಲೆ ನಾನು ಮಿಷನ್ ಮುಂದೆ ಕೂತಿದ್ದೆ. ಒಳಗಿಂದ "ಅಮ್ಮಾ!" ಅಂತ ಕೂಗು. ಆ ಥರ ಇವರು ಕೂಗಿದ್ದು ಯಾವತ್ತೂ ಕೇಳಿಲ್ಲ. ಓಡಿದೆ. ಮಂಚದ ಅಂಚು ಹಿಡ್ಕೊಂಡು ಬೆವೆತೋಗಿದ್ರು.

"ಏನ್ರೀ? ಏನಾಯ್ತು?"

"ಉರಿ ಕಣೇ. ಹಿಮ್ಮಡಿ ಉರೀತಾ ಅದೆ."

ಎಡಗಾಲು ತಡವಿ ನೋಡ್ದೆ, ಬೆರಳ ಸಂದಿ ನೋಡ್ದೆ, ಏನೂ ಇಲ್ಲ. "ಇದಲ್ಲ" ಅಂದ್ರು. "ಬಲಗಾಲು. ಬಲಗಾಲಿನ ಹಿಮ್ಮಡಿ."

ಡಾಕ್ಟ್ರು ಹೇಳಿದ್ರು, ತೆಗೆದ ಕಾಲು ಕೆಲವರಿಗೆ ಇದ್ದಂಗೇ ನೋಯ್ತದೆ, ಹೆದರಬೇಡಿ ಅಂತ. ಅದನ್ನ ಹೇಳೋಣ ಅಂತ ಬಾಯಿ ತೆಗೆದೆ. ಇವರು ನನ್ನ ತೋಳು ಗಟ್ಟಿಯಾಗಿ ಹಿಡ್ಕೊಂಡ್ರು.

"ಸಿಮೆಂಟು ಕಣೇ ನಾಗೂ. ಉಜ್ತಾ ಅದೆ. ತೊಗಲು ಓಯ್ತು, ಈಗ ಮೂಳೆ ಉಜ್ತಾ ಅದೆ. ಅಯ್ಯಪ್ಪಾ, ತಡಿಯಕ್ಕಾಗಲ್ಲ. ಗಾಡಿ ನಿಲ್ತಾ ಇಲ್ಲ ಕಣೇ." ಕಣ್ಣಲ್ಲಿ ನೀರು ಧಾರಾಕಾರ. ಆವತ್ತು ಬರಬೇಕಾಗಿದ್ದ ನೋವು, ಆವತ್ತು ಬಂದಿದ್ರೆ ಕಾಲು ಉಳೀತಿದ್ದ ನೋವು, ಈಗ ಬಂದಿತ್ತು.

ನನಗೂ ಆವತ್ತು ಏರಿ ಮೇಲೆ 'ರೀ' ಅನ್ನೋದಕ್ಕೇ ನಿಂತೋದ ಗಂಟಲು, ಆಸ್ಪತ್ರೇಲಿ ಬರದೇ ಇದ್ದ ಅಳು, ಎಲ್ಲಾ ಒಂದೇ ಸಲ ಬಂದ್ಬುಡ್ತು. "ಎತ್ರೀ!" ಅಂತ ಬೀದಿಗೆಲ್ಲಾ ಕೇಳೋ ಹಂಗೆ ಕಿರುಚಿದೆ. "ಕಾಲು ಎತ್ರೀ! ಮೇಲಕ್ಕೆ ಎತ್ಕೊಳ್ರೀ, ನಿಮ್ಮ ದಮ್ಮಯ್ಯ!"

ಇವರು ಹಲ್ಲು ಕಚ್ಚಿ ಪ್ರಯತ್ನಪಟ್ರು. ಬಟ್ಟೆ ಸುತ್ತಿದ ಮೊಂಡುಗಾಲು ಹಾಸಿಗೆಯಿಂದ ಮೇಲಕ್ಕೆ ಬಂತು, ಅಂತರದಲ್ಲಿ ನಿಂತ್ಕೊಂಡು ನಡುಗ್ತು.

"ಬತ್ತಾ ಇಲ್ಲ ಕಣೇ" ಅಂದ್ರು. "ಅಲ್ಲೇ ಅದೆ."